ಲಕ್ಕುಂಡಿಯ ಹಂಬಿಗೆ ಹೆಸರೇನು?

ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಗ್ಗೆ ಕನ್ನಡದಲ್ಲಿ ಬಂದಿರುವ ಪ್ರವಾಸಿ ಕೈಪಿಡಿ, ಪತ್ರಿಕಾ ಲೇಖನ, ಫಲಕಗಳನ್ನು ಓದುತ್ತ ಹೋದರೆ ಒಂದೇ ಮಾತು ಮತ್ತೆ ಮತ್ತೆ ಎದುರಾಗುತ್ತದೆ: ಸೂಕ್ಷ್ಮವಾದ ಕುಸುರಿ ಕೆತ್ತನೆ. ಬಾಗಿಲುವಾಡದಲ್ಲಿ ಕುಸುರಿ, ಕಂಬದಲ್ಲಿ ಕುಸುರಿ, ಗೋಡೆಯ ತೋರಣದಲ್ಲೂ ಕುಸುರಿ. ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕೆನಿಸಿದವರು ‘ಲತಾ ಪಟ್ಟಿಕೆ’ ಎಂದೋ ‘ಬಳ್ಳಿಯ ಅಲಂಕಾರ’ ಎಂದೋ ಬರೆದು ಮುಂದಿನ ಗುಡಿಗೆ ಹೋಗುತ್ತಾರೆ. ಕುಸುರಿ ಎಂದರೆ ಕೆಲಸ ನಾಜೂಕಾಗಿದೆ ಎಂದಷ್ಟೇ ಗೊತ್ತಾಗುತ್ತದೆ. ಬಳ್ಳಿ ಎಲ್ಲಿ ಹುಟ್ಟುತ್ತದೆ, ಯಾವ ಕಡೆಗೆ ತಿರುಗುತ್ತದೆ, ಎಲೆ ಎಷ್ಟು ಹೊರಚಾಚಿದೆ, ಹಿಂದಿನ ಕಲ್ಲನ್ನು ಎಷ್ಟು ತೆಗೆದಿದ್ದಾರೆ, ಇದ್ಯಾವುದೂ ಆ ಶಬ್ದದಿಂದ ತಿಳಿಯುವುದಿಲ್ಲ. ಅದರ ಮುಂದೆ ರಾಜಮನೆತನದ ಹೆಸರೊಂದನ್ನು ಸೇರಿಸಿ ‘ಕಲ್ಯಾಣ ಚಾಲುಕ್ಯ ಶೈಲಿ’ ಎಂದು ಬರೆದರೆ ವಿವರಣೆ ಪೂರ್ತಿಯಾಯಿತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ತಪ್ಪು, ಇದರಿಂದ ನಮ್ಮ ಗದಗ ಸೀಮೆಗೆ ನಷ್ಟವಾಗುತ್ತಿದೆ ಎಂಬುದು ನನ್ನ ವಾದ. ಅಲಂಕಾರದ ಬಳ್ಳಿಯನ್ನು ಅದರ ಕಟ್ಟಣಿಯಿಂದ, ಅಂದರೆ ಅದನ್ನು ಕಟ್ಟಿರುವ ರೀತಿಯಿಂದ, ಹೆಸರಿಸಬೇಕು. ದೊರೆಯ ಹೆಸರು, ದೇಶದ ಹೆಸರು ಕಾಲ ತಿಳಿಸಲು ಸಾಕು, ರೂಪ ತಿಳಿಸಲು ಸಾಲದು. ಇದನ್ನು ತೋರಿಸಲು ಒಂದು ದೂರದ ಕಸುಬಿನ ನೆರವು ಬೇಕಾಗುತ್ತದೆ. ಅದು ಬಂದೂಕಿನ ಉಕ್ಕಿನ ಮೇಲೆ ಬಳ್ಳಿ ಕೆತ್ತುವ ಕಸುಬು.

  ಆಯುಧದ ಮೇಲಿನ ಅಲಂಕಾರ ಎಂದರೆ ಕನ್ನಡಿಗರಿಗೆ ನೆನಪಾಗಬೇಕಾದ್ದು ಶ್ರೀರಂಗಪಟ್ಟಣ. ಟಿಪ್ಪುವಿನ ಕಾರ್ಖಾನೆಗಳಲ್ಲಿ ತಯಾರಾದ ಕೋವಿಗಳ ಮೇಲೆ ಹುಲಿಯ ಪಟ್ಟೆಯ ಗುರುತು ಇರುತ್ತಿತ್ತು. ಅದಕ್ಕೆ ‘ಬಬ್ರಿ’ ಎಂಬ ಹೆಸರು ಗಟ್ಟಿಯಾಗಿ ನಿಂತಿದೆ. 1799ರ ಮೇ ತಿಂಗಳಲ್ಲಿ ಪಟ್ಟಣ ಬಿದ್ದ ಮೇಲೆ ಅವುಗಳಲ್ಲಿ ಅನೇಕವು ಇಂಗ್ಲೆಂಡಿಗೆ ಹೋದವು. ಇಂದು ಜಗತ್ತಿನ ಯಾವ ಸಂಗ್ರಹಾಲಯದಲ್ಲಿ ಬಬ್ರಿ ಗುರುತಿನ ಕೋವಿ ಕಂಡರೂ ತಿಳಿದವರು ಅದು ಎಲ್ಲಿಯದೆಂದು ಕೂಡಲೇ ಗುರುತಿಸುತ್ತಾರೆ. ಒಂದು ಆಕೃತಿಗೆ ಒಂದು ಖಚಿತ ಹೆಸರಿದ್ದರೆ ಇಷ್ಟು ಕೆಲಸವಾಗುತ್ತದೆ.

ಯುರೋಪು, ಅಮೆರಿಕದ ಬಂದೂಕುಗಳ ಮೇಲೆ ಕಾಣುವುದು ಮುಖ್ಯವಾಗಿ ಬಳ್ಳಿಸುರುಳಿ. ಗುಂಡು ಹಾರಿಸುವ ಕುದುರೆಯ ಪಕ್ಕದ ಉಕ್ಕಿನ ಹಲಗೆ, ಕುದುರೆಯ ಕಾಪು, ತಿರುಪುಮೊಳೆಯ ತಲೆ, ಎಲ್ಲಿ ಜಾಗ ಸಿಕ್ಕರೂ ಅಲ್ಲಿ ಸುರುಳಿ ಇರುತ್ತದೆ. ಕೆತ್ತುವವನು ಸಣ್ಣ ಉಳಿಯನ್ನು ಅಂಗೈಯಿಂದ ಒತ್ತಿ ಇಲ್ಲವೆ ಪುಟ್ಟ ಸುತ್ತಿಗೆಯಿಂದ ತಟ್ಟಿ ಗೆರೆ ಎಳೆಯುತ್ತಾನೆ. ಆಗ ಉಕ್ಕು ಮೆತ್ತಗಿರುತ್ತದೆ. ಕೆತ್ತನೆ ಮುಗಿದ ಮೇಲೆ ಅದನ್ನು ಎಲುಬಿನ ಚೂರು, ಇದ್ದಿಲಿನ ನಡುವೆ ಕಾಯಿಸಿ ನೀರಿಗೆ ಅದ್ದಿ ಮೇಲ್ಪದರವನ್ನು ಗಡಸು ಮಾಡುತ್ತಾರೆ. ಇಂಥ ಕೆಲಸಕ್ಕೆ ಬೇಡಿಕೆ ಬರುವುದು ಗಿರಾಕಿಯಿಂದ. ಆತ ಲಂಡನ್ನಿನಲ್ಲಿ ಕೂತು ಬಂದೂಕಿಗೆ ಬೇಡಿಕೆ ಇಡುವಾಗ ತನಗೆ ಎಂಥ ಸುರುಳಿ ಬೇಕೆಂದು ಮಾತಿನಲ್ಲೇ ಹೇಳಬೇಕು, ಕೆತ್ತುವವನಿಗೆ ಅದು ತಪ್ಪಿಲ್ಲದೆ ತಲುಪಬೇಕು. ಆದ್ದರಿಂದಲೇ ಅಲ್ಲಿ ಹೆಸರುಗಳು ಬೆಳೆದವು. ‘ಇಂಗ್ಲಿಷ್ ಸ್ಕ್ರೋಲ್’ ಎಂದರೆ ಸಣ್ಣಸಣ್ಣ ಬಿಗಿಯಾದ ಸುರುಳಿಗಳು ಒತ್ತೊತ್ತಾಗಿ ತುಂಬಿ ಹಿಂದಿನ ಬಯಲು ಕಾಣದಂತಿರುವ ಬಗೆ. ಎಲೆಗಳು ಸುರುಳಿಯ ಒಳಗೇ ಅಡಗಿರುತ್ತವೆ. ಅದೇ ಬಗೆಯ ನಡುವೆ ಗುಲಾಬಿ ಗೊಂಚಲು ಕೂರಿಸಿದರೆ ಅದು ಗುಲಾಬಿ-ಸುರುಳಿ. 1814ರಲ್ಲಿ ಶುರುವಾದ ಲಂಡನ್ನಿನ ಪರ್ಡಿ ಕಂಪನಿ ಅದನ್ನೇ ತನ್ನ ಮನೆಯ ಗುರುತಿನಂತೆ ಬಳಸಿತು. ‘ಅಮೆರಿಕನ್ ಸ್ಕ್ರೋಲ್’ ಎಂದರೆ ದೊಡ್ಡ ಸುರುಳಿ, ಕಾಂಡದಿಂದ ಹೊರಗೂ ಒಳಗೂ ಸಿಡಿಯುವ ಅಗಲ ಎಲೆ, ಚುಕ್ಕಿಯಿಟ್ಟು ತಗ್ಗಿಸಿದ ಹಿನ್ನೆಲೆ. ಇವಲ್ಲದೆ ಅಕ್ಯಾಂಥಸ್ ಗಿಡದ ಎಲೆಯ ಹೆಸರು ಹೊತ್ತ ದಪ್ಪ ಸುರುಳಿಗಳಿವೆ. ಪಟ್ಟಿಗಳು ಒಂದರ ಮೇಲೊಂದು ಹಾಯ್ದು ಹೆಣೆದುಕೊಳ್ಳುವ ಅರಬೆಸ್ಕ್ ಇದೆ. ಇಷ್ಟು ಹೆಸರು ಗೊತ್ತಿದ್ದವರಿಗೆ ಬಂದೂಕನ್ನು ನೋಡದೆಯೂ ಅದರ ಮೈಯನ್ನು ಊಹಿಸಲು ಬರುತ್ತದೆ.

ಆದರೆ ಈ ಹೆಸರುಗಳಲ್ಲಿ ಒಂದು ದೋಷವಿದೆ, ನಮಗೆ ಪಾಠವಾಗಬೇಕಾದ್ದು ಅದೇ. ಅಮೆರಿಕನ್ ಸ್ಕ್ರೋಲ್ ಎಂಬ ಬಗೆಗೆ ಅತ್ಯಂತ ಹೆಸರಾದ ಕೈ ಎಂದರೆ ಲೂಯಿ ಡೇನಿಯಲ್ ನಿಮ್ಶ್ಕೆಯದು. ಆತ 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ನ್ಯೂಯಾರ್ಕಿಗೆ ವಲಸೆ ಬಂದು ಕೆಲಸ ಮಾಡಿ, 1904ರಲ್ಲಿ ತೀರಿಕೊಂಡವನು. ಕೋಲ್ಟ್ ಕಂಪನಿಯ ಪಿಸ್ತೂಲುಗಳ ಮೇಲೆ ಬಳ್ಳಿ ಹಬ್ಬಿಸಿದ ಗುಸ್ತಾವ್ ಯಂಗ್ ಕೂಡ ಜರ್ಮನಿಯಿಂದ ಹೋದವನೇ. ಹೀಗೆ ‘ಅಮೆರಿಕನ್’ ಎಂದು ಹೆಸರಾದ ರೂಪವನ್ನು ಕಟ್ಟಿದವರು ಜರ್ಮನಿಯಲ್ಲಿ ಹುಟ್ಟಿದವರು. ಇನ್ನು ಇಂಗ್ಲಿಷ್ ಸ್ಕ್ರೋಲನ್ನು ಬೆಲ್ಜಿಯಂನ ಲಿಯೇಜಿನಲ್ಲೂ ಇಟಲಿಯ ಗಾರ್ಡೋನೆಯಲ್ಲೂ ಕೆತ್ತುತ್ತಾರೆ. ದೇಶದ ಹೆಸರು ಒಂದು ಕಾಲದ ಮಾರುಕಟ್ಟೆಯನ್ನು ಹೇಳುತ್ತದೆ ಅಷ್ಟೆ. ಈ ಕಸುಬಿನವರು ನಿಜವಾಗಿ ಪರಸ್ಪರ ಅರ್ಥ ಮಾಡಿಕೊಳ್ಳುವುದು ಆ ಹೆಸರುಗಳ ಕೆಳಗಿರುವ ಇನ್ನೊಂದು ಪದಗಳ ಸಾಲಿನಿಂದ. ಸುರುಳಿಯ ಬೆನ್ನು, ಬೆನ್ನಿನಿಂದ ಒಡೆಯುವ ಕವಲು, ಕವಲಿನ ಬುಡ ಮುಚ್ಚುವ ಎಲೆ, ಒಳಸುತ್ತಿನ ತುದಿ, ಹಿನ್ನೆಲೆ, ಇವು ಆ ಪದಗಳು. ಬೆನ್ನು ಎಲ್ಲೂ ಚಪ್ಪಟೆಯಾಗದೆ ಒಂದೇ ಸಮನೆ ಬಾಗುತ್ತ ಒಳಗೆ ಹೋಗಬೇಕು ಎಂಬುದು ಹೊಸಬರಿಗೆ ಕಲಿಸುವ ಮೊದಲ ಪಾಠ. ಒಂದು ಕಡೆ ಚಪ್ಪಟೆಯಾದರೂ ಸಾಕು, ಮೇಲೆ ಎಷ್ಟು ಎಲೆ ಹೊದಿಸಿದರೂ ಆ ಕುಂದು ಮುಚ್ಚುವುದಿಲ್ಲ.

ಇದೇ ಕಥೆ ನಮ್ಮಲ್ಲಿ ಏಳು ಶತಮಾನಗಳಷ್ಟು ಮೊದಲೇ ನಡೆದಿದೆ. ಬೇಲೂರಿನ ಚೆನ್ನಕೇಶವ ಗುಡಿ 1117ರಲ್ಲಿ ಪ್ರತಿಷ್ಠೆಯಾದದ್ದು. ಅದನ್ನು ಹೊಯ್ಸಳ ಶಿಲ್ಪದ ಮಾದರಿ ಎಂದು ಶಾಲೆಯ ಪುಸ್ತಕದಿಂದಲೇ ಕಲಿಯುತ್ತೇವೆ. ಆದರೆ ಅಲ್ಲಿನ ಶಿಲ್ಪಗಳ ಮೇಲೆ ಕೆತ್ತಿದವರು ಬಿಟ್ಟುಹೋದ ಹೆಸರುಗಳನ್ನು ಓದಿದರೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದುಗಿನ ಕಾಟೋಜನ ಮಗ ನಾಗೋಜ ಎದುರಾಗುತ್ತಾರೆ. ಬಳ್ಳಿಗಾವೆ ಆಗ ಚಾಲುಕ್ಯರ ಸೀಮೆ, ಗದಗವೂ ಅಷ್ಟೆ. ತ್ರಿಕೂಟೇಶ್ವರನ ಊರಾದ ಗದಗದಲ್ಲಿ ಪಳಗಿದ ಕೈ ಬೇಲೂರಿನಲ್ಲಿ ಉಳಿ ಹಿಡಿದರೆ ಬಂದ ಬಳ್ಳಿ ಯಾರದು? ಚಾಲುಕ್ಯರದೆಂದರೂ ತಪ್ಪು, ಹೊಯ್ಸಳರದೆಂದರೂ ಅರ್ಧ ಸತ್ಯ. ಇನ್ನೂ ಮುಂದೆ ಬಂದರೆ ಚಕ್ರ ಪೂರ್ತಿ ತಿರುಗುತ್ತದೆ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಹೊಯ್ಸಳ ವೀರಬಲ್ಲಾಳ ಗದಗ ಸೀಮೆಯನ್ನು ಗೆದ್ದು ಲೊಕ್ಕಿಗುಂಡಿಯಲ್ಲಿ, ಅಂದರೆ ಇಂದಿನ ಲಕ್ಕುಂಡಿಯಲ್ಲಿ, ನೆಲೆನಿಂತ. 1192ರ ಅವನ ಶಾಸನ ಗದಗದ ತ್ರಿಕೂಟೇಶ್ವರದಲ್ಲೇ ಇದೆ. ಆಳುವವರು ಬದಲಾದರು, ಆದರೆ ಕಲ್ಲಿನ ಗಣಿ, ಶಿಲ್ಪಿಗಳಾದ ಓಜರ ಮನೆತನ, ಉಳಿಯ ಮೊನೆ ಆ ವರ್ಷ ಬದಲಾಗಲಿಲ್ಲ. ರಾಜಮನೆತನದ ಹೆಸರಿನಿಂದ ಬಳ್ಳಿಯನ್ನು ಗುರುತಿಸಹೊರಟವರು ಇಲ್ಲಿ ಎಡವುತ್ತಾರೆ.

ಈಗ ಕಾಶಿವಿಶ್ವೇಶ್ವರದ ಬಾಗಿಲ ಮುಂದೆ ನಿಂತು ಒಂದೇ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ನೋಡೋಣ. ಬಾಗಿಲುವಾಡದಲ್ಲಿ ಒಂದರ ಮಗ್ಗುಲಿಗೆ ಒಂದು ಹಲವು ಪಟ್ಟಿಗಳಿವೆ. ಶಿಲ್ಪಶಾಸ್ತ್ರ ಅವನ್ನು ಶಾಖೆ ಎನ್ನುತ್ತದೆ. ಬಳ್ಳಿಯಿರುವ ಪಟ್ಟಿಯಲ್ಲಿ ಕಾಂಡ ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲೆಯಂತೆ ಬಾಗುತ್ತ ಏರುತ್ತದೆ. ಅಲೆ ಎಡಕ್ಕೆ ಉಬ್ಬಿದಲ್ಲಿ ಬಲಕ್ಕೊಂದು ತೆರವು ಉಳಿಯುತ್ತದೆಯಲ್ಲ, ಅದನ್ನು ತುಂಬಲು ಕಾಂಡದಿಂದ ಕವಲೊಂದು ಒಡೆದು ಹಿಮ್ಮುಖವಾಗಿ ಸುತ್ತಿಕೊಂಡು ಸುಳಿಯಾಗುತ್ತದೆ. ಮುಂದಿನ ಬಾಗಿನಲ್ಲಿ ಇದೇ ಕೆಲಸ ತಿರುವುಮುರುವಾಗಿ ನಡೆಯುತ್ತದೆ. ಕವಲು ಒಡೆಯುವ ಜಾಗ ಕಣ್ಣಿಗೆ ಒರಟಾಗಿ ಕಾಣಬಾರದೆಂದು ಅಲ್ಲೊಂದು ಬಟ್ಟಲಿನಾಕಾರದ ಎಲೆಯನ್ನು ಹೊದಿಸುತ್ತಾರೆ. ಜೋಳದ ದಂಟಿನ ಗೆಣ್ಣಿನಲ್ಲಿ ಗರಿ ಹೇಗೆ ದಂಟನ್ನು ಅಪ್ಪಿಕೊಂಡಿರುತ್ತದೋ ಹಾಗೆ ಆ ಎಲೆ ಕವಲಿನ ಬುಡವನ್ನು ಅಪ್ಪಿಕೊಂಡಿದೆ. ಸುಳಿಯ ಒಳಗೆ ಕೆಲವು ಕಡೆ ಎಲೆಯೇ ತುಂಬಿಕೊಂಡರೆ ಕೆಲವು ಕಡೆ ಪುಟ್ಟ ಪ್ರಾಣಿಯೋ ಮನುಷ್ಯರೂಪವೋ ಕೂತಿರುತ್ತದೆ. ಹಿಂದಿನ ಕಲ್ಲನ್ನು ಎಷ್ಟು ಆಳಕ್ಕೆ ಕೊರೆದಿದ್ದಾರೆಂದರೆ ಬಳ್ಳಿ ಕಲ್ಲಿಗೆ ಅಂಟಿದ ಹಾಗೆ ಕಾಣುವುದಿಲ್ಲ, ತನ್ನದೇ ನೆರಳಿನ ಮೇಲೆ ನಿಂತ ಹಾಗೆ ಕಾಣುತ್ತದೆ. ಬಂದೂಕಿನವರ ಭಾಷೆಯಲ್ಲಿ ಹೇಳಿದರೆ ಬೆನ್ನು ಅಲೆಯಾಗಿದೆ, ಕವಲು ಪರ್ಯಾಯವಾಗಿದೆ, ಬುಡಕ್ಕೆ ಎಲೆ ಹೊದಿಸಿದೆ, ಸುಳಿಯ ಒಡಲು ತುಂಬಿದೆ, ಹಿನ್ನೆಲೆ ತಗ್ಗಿಸಿದೆ. ಹೀಗೆ ಐದು ಮಾತಿನಲ್ಲಿ ಹೇಳಿದ ಪಟ್ಟಿಯನ್ನು ನೂರು ಪಟ್ಟಿಗಳ ನಡುವೆಯೂ ಹುಡುಕಿ ತೆಗೆಯಬಹುದು. ಕುಸುರಿ ಎಂಬ ಒಂದೇ ಮಾತಿನಿಂದ ಅದಾಗದು.

ಇಷ್ಟು ಆಳ ಇಲ್ಲಿಯೇ ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಉತ್ತರ ಕಲ್ಲಿನಲ್ಲಿದೆ. ಬಾದಾಮಿ, ಪಟ್ಟದಕಲ್ಲಿನ ಹಳೆಯ ಗುಡಿಗಳು ಮರಳುಗಲ್ಲಿನವು. ಮರಳುಗಲ್ಲು ಎಂದರೆ ಬೆಣಚುಕಲ್ಲಿನ ಕಣಗಳು ಒತ್ತಿ ಕೂಡಿದ್ದು. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಆ ಕಣಗಳದು 7. ಒಂದೊಂದು ಕಣ ಗಟ್ಟಿ, ಆದರೆ ಅಂಚನ್ನು ತೆಳ್ಳಗೆ ಮಾಡಹೋದರೆ ಕಣಗಳೇ ಉದುರುತ್ತವೆ. ಹಾಗಾಗಿ ಅಲ್ಲಿನ ಬಳ್ಳಿ ಅಗಲವಾಗಿ, ಮೈಗೆ ಮೈ ಅಂಟಿಕೊಂಡು ಹರಿಯುತ್ತದೆ. ಲಕ್ಕುಂಡಿಯ ಗುಡಿಗಳು ಬಳಪದ ಕಲ್ಲಿನ ಜಾತಿಯ ಕ್ಲೋರೈಟ್ ಶಿಲೆಯವು. ಕ್ಲೋರೈಟಿನ ಗಡಸುತನ 2ರಿಂದ 2.5, ಅಂದರೆ ಹೆಚ್ಚುಕಡಿಮೆ ಉಗುರಿನಷ್ಟು. ಕಣ ನುಣುಪು, ಗಣಿಯಿಂದ ತೆಗೆದ ಹೊಸದರಲ್ಲಿ ಉಳಿಗೆ ಸುಲಭವಾಗಿ ಬಗ್ಗುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಬಂದೂಕಿನ ಉಕ್ಕಿನಲ್ಲೂ ಇದೇ ಕ್ರಮವಿದೆ, ಮೊದಲು ಮೆತ್ತಗೆ ಕೆತ್ತನೆ, ಆಮೇಲೆ ಗಡಸು. 1007ರಲ್ಲಿ ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಈ ಕಲ್ಲಿನ ಮೊದಮೊದಲ ಗುಡಿಗಳಲ್ಲಿ ಒಂದು. ಅದರಲ್ಲಿ ಅಲಂಕಾರ ಇನ್ನೂ ಮಿತವಾಗಿದೆ, ಹೊಸ ಕಲ್ಲಿನ ಗುಣವನ್ನು ಕೈ ಇನ್ನೂ ಅಳೆಯುತ್ತಿರುವಂತಿದೆ. ಹನ್ನೊಂದನೆಯ ಶತಮಾನ ಮುಗಿಯುವ ಹೊತ್ತಿಗೆ, 1087ರ ಶಾಸನವಿರುವ ಕಾಶಿವಿಶ್ವೇಶ್ವರದಲ್ಲಿ, ಆ ಕಲ್ಲು ಏನು ಕೊಡಬಲ್ಲದೋ ಅದನ್ನೆಲ್ಲ ಶಿಲ್ಪಿ ತೆಗೆದುಕೊಂಡಿದ್ದಾನೆ. ಈ ಬದಲಾವಣೆಯನ್ನು ‘ಶೈಲಿ ವಿಕಾಸವಾಯಿತು’ ಎಂದು ಹೇಳಿ ಮುಗಿಸುವುದಕ್ಕಿಂತ ಹಿನ್ನೆಲೆ ತಗ್ಗಿತು, ಎಲೆಯ ಅಂಚು ತೆಳುವಾಯಿತು, ಸುಳಿಯ ಸುತ್ತು ಹೆಚ್ಚಿತು ಎಂದು ಬಿಡಿಸಿ ಹೇಳಿದರೆ ಓದುವವನಿಗೆ ಕಲ್ಲೂ ಕಾಣುತ್ತದೆ, ಕೈಯೂ ಕಾಣುತ್ತದೆ.

ಕಲ್ಲಿಗೂ ಲೋಹಕ್ಕೂ ನಾನು ಕಟ್ಟುತ್ತಿರುವ ಈ ನಂಟು ಬಲವಂತದ್ದಲ್ಲ. 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುವಿನ ಮೇಲೆ ಛಾಯಾಚಿತ್ರಗಳ ದೊಡ್ಡ ಪುಸ್ತಕವೊಂದು ಬಂತು. ಅದಕ್ಕೆ ಬರೆದವರಲ್ಲಿ ಒಬ್ಬ ಸುರಪುರದ ಆಡಳಿತ ನೋಡಿದ್ದ ಮೆಡೋಸ್ ಟೇಲರ್. ಗದಗ ಸೀಮೆಯ ಗುಡಿಗಳ ಕಂಬ, ಬಾಗಿಲುಗಳ ಕೆತ್ತನೆ ಬೆಳ್ಳಿ ಬಂಗಾರದ ಕೆಲಸಕ್ಕೆ ಸಮನಾಗಿದೆ ಎಂದು ಬರೆದ ಅವನು, ಅಕ್ಕಸಾಲಿಗರು ಆ ನಮೂನೆಗಳ ಅಚ್ಚು ತೆಗೆದುಕೊಂಡು ತಮ್ಮ ಕೆಲಸಕ್ಕೆ ಬಳಸುತ್ತಿದ್ದರೆಂದೂ ಮೂಲದ ಮೊನಚು ಅವರ ಕೈಗೆ ಬರುತ್ತಿರಲಿಲ್ಲವೆಂದೂ ದಾಖಲಿಸಿದ್ದಾನೆ. ಇದು ನನಗೆ ಬಹಳ ಮುಖ್ಯವಾದ ಸಾಕ್ಷಿ. ಗುಡಿ ಎದ್ದು ಏಳು ನೂರು ವರ್ಷಗಳಾದ ಮೇಲೂ ಆ ಬಳ್ಳಿ ಕಸುಬಿನವರಿಗೆ ನಮೂನೆಯ ಪುಸ್ತಕವಾಗಿತ್ತು. ನಮೂನೆ ಅಚ್ಚಿನಲ್ಲಿ ಸಾಗಿತು, ಹೆಸರು ಸಾಗಲಿಲ್ಲ. ಅಚ್ಚು ತೆಗೆಯಬಲ್ಲವನಿಗೆ ಹೆಸರಿನ ಅಗತ್ಯ ಬೀಳುವುದಿಲ್ಲ, ದೂರದಲ್ಲಿ ಕೂತು ಬೇಡಿಕೆ ಇಡುವವನಿಗೆ ಬೀಳುತ್ತದೆ. ಬಂದೂಕಿನ ಕಸುಬಿನಲ್ಲಿ ಹೆಸರು ಬೆಳೆದು ನಮ್ಮಲ್ಲಿ ಬೆಳೆಯದ್ದಕ್ಕೆ ಇದೇ ಮುಖ್ಯ ಕಾರಣವಿರಬೇಕು ಎಂದು ನನ್ನ ಅಂದಾಜು.

ಈ ಅಂದಾಜನ್ನು ಬೆಂಬಲಿಸುವ ಪುರಾವೆ ನಮ್ಮ ನೆರೆಯಲ್ಲೇ ಇದೆ. ಕೊಡುಕೊಳ್ಳುವ ವ್ಯವಹಾರವಿದ್ದ ಕಸುಬುಗಳಲ್ಲಿ ಕನ್ನಡ ಬಾಯಿ ಸುಮ್ಮನಿರಲಿಲ್ಲ. ಇಳಕಲ್ ಸೀರೆಯ ದಡಿಗೆ ಚಿಕ್ಕಿ ಪಾರಸ, ಗೋಮಿ, ಗಾಡಿ ದಡಿ ಎಂಬ ಹೆಸರುಗಳಿವೆ, ಸೆರಗಿಗೆ ಟೋಪ ತೆನಿ. ಒಡಲಿಗೆ ಸೆರಗನ್ನು ಕುಣಿಕೆ ಹಾಕಿ ಕೂಡಿಸುವ ಕ್ರಮಕ್ಕೆ ಕೊಂಡಿ. ಧಾರವಾಡ-ಗದಗದ ಹೆಣ್ಣುಮಕ್ಕಳ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿವೆ. ಇವುಗಳಲ್ಲಿ ಯಾವುದಕ್ಕೂ ರಾಜನ ಹೆಸರಿಲ್ಲ, ಊರಿನ ಹೆಸರಿಲ್ಲ. ಸೂಜಿ ಹೇಗೆ ಹೋಗಿ ಬರುತ್ತದೆ, ಹೊಲಿಗೆ ಹೇಗೆ ಕಾಣುತ್ತದೆ ಎಂಬುದೇ ಹೆಸರಾಗಿದೆ. ಮುರ್ಗಿ ಮೆಟ್ಟಿಲಿನಂತೆ ಮುರಿಮುರಿದು ಹೋಗುತ್ತದೆ, ನೇಯ್ಗಿ ನೇಯ್ದ ಹಾಗೆ ಕಾಣುತ್ತದೆ. ಬೀದರದ ಬಿದ್ರಿ ಕೆಲಸದಲ್ಲೂ ತಂತಿ ಕೂರಿಸಿದರೆ ತಾರಕಶಿ, ಹಾಳೆ ಕೂರಿಸಿದರೆ ತಹನಿಶಾನ್ ಎಂದು ಮಾಡುವ ರೀತಿಯಿಂದಲೇ ಹೆಸರಿಡುತ್ತಾರೆ. ಅಂದಮೇಲೆ ಕಟ್ಟಣಿಯಿಂದ ಹೆಸರಿಡುವುದು ನಮಗೆ ಹೊಸದೇನಲ್ಲ, ಪರದೇಶದ್ದೂ ಅಲ್ಲ. ಗುಡಿಯ ಕಲ್ಲಿನ ವಿಷಯ ಬಂದಾಗ ಮಾತ್ರ ನಾವು ಈ ಜಾಣತನವನ್ನು ಬದಿಗಿಟ್ಟು ವಂಶಾವಳಿಯ ಮೊರೆ ಹೋಗುತ್ತೇವೆ.

ಬೇಕಾದ ಶಬ್ದಗಳು ಎಲ್ಲಿವೆ? ಹೊಲದಲ್ಲಿವೆ. ಸೌತೆ, ಹೀರೆ, ಕುಂಬಳ ಬೆಳೆಯುವ ಯಾರಿಗೂ ಹಂಬು ಎಂದರೆ ಗೊತ್ತು, ಹರಿದು ಹಬ್ಬುವ ಕಾಂಡ ಅದು. ಗೆಣ್ಣು, ಕವಲು, ಕುಡಿ, ಸುಳಿ, ಮೊಗ್ಗು, ಇವನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಕಾಂಡ ಅಲೆಯಾಗಿ ಏರಿದರೆ ಅಲೆಹಂಬು ಎನ್ನೋಣ. ಅಲೆಯಿಲ್ಲದೆ ಒಂದೇ ಬುಡದಿಂದ ಎಡಕ್ಕೂ ಬಲಕ್ಕೂ ಜೋಡಿಯಾಗಿ ಸುತ್ತಿದರೆ ಜೋಡಿಸುಳಿ. ಎರಡು ಕಾಂಡಗಳು ಒಂದನ್ನೊಂದು ದಾಟಿ ಹೆಣೆದುಕೊಂಡರೆ ಹೆಣಿಕೆಹಂಬು. ಸುಳಿಯ ಒಳಗೆ ಪ್ರಾಣಿ, ಮನುಷ್ಯ, ದೇವತೆ ಕೂತಿದ್ದರೆ ತುಂಬುಸುಳಿ, ಎಲೆ ಮಾತ್ರ ಇದ್ದರೆ ಎಲೆಸುಳಿ. ಹಿನ್ನೆಲೆಯನ್ನು ಆಳಕ್ಕೆ ತೆಗೆದಿದ್ದರೆ ಕೊರೆದ ಬಯಲು, ಗೆರೆ ಮಾತ್ರ ಎಳೆದಿದ್ದರೆ ಗೀರಿದ ಬಯಲು. ಇವು ನನ್ನ ಸೂಚನೆಗಳಷ್ಟೆ. ಇವಕ್ಕಿಂತ ಒಳ್ಳೆಯವು ಸಿಕ್ಕರೆ ಅವೇ ನಿಲ್ಲಲಿ. ಶಬ್ದ ಯಾವುದೆಂಬುದಕ್ಕಿಂತ ಪ್ರತಿಯೊಂದೂ ಕಣ್ಣಿಂದ ನೋಡಿ ಪರೀಕ್ಷಿಸಬಹುದಾದ ಒಂದು ಲಕ್ಷಣವನ್ನು ಹೇಳುತ್ತಿದೆಯೆ ಎಂಬುದು ನನಗೆ ಮುಖ್ಯ. ಈ ಶಬ್ದಗಳನ್ನು ಹಿಡಿದು ಮುಂಡರಗಿ ತಾಲೂಕಿನ ಡಂಬಳಕ್ಕೆ ಹೋದರೂ ಕೆಲಸ ನಡೆಯುತ್ತದೆ. ಅಲ್ಲಿನ ದೊಡ್ಡಬಸಪ್ಪ ಗುಡಿಯ ತಳವಿನ್ಯಾಸ ಇಪ್ಪತ್ನಾಲ್ಕು ಮೂಲೆಗಳ ನಕ್ಷತ್ರ. ಗೋಡೆಯೇ ಮುರಿಮುರಿಯಾಗಿ ತಿರುಗಿ ಬೆಳಕು ನೆರಳಿನ ಆಟವಾಡುವುದರಿಂದ ಅಲಂಕಾರದ ಭಾರವನ್ನು ಬಹುಮಟ್ಟಿಗೆ ಗೋಡೆಯ ಮೂಲೆಗಳೇ ಹೊತ್ತಿವೆ. ಬಳ್ಳಿಯ ಕೆಲಸ ಬಾಗಿಲ ಸುತ್ತ ಒತ್ತಾಗಿ ಸೇರಿದೆ. ಲಕ್ಕುಂಡಿಗೂ ಡಂಬಳಕ್ಕೂ ಇರುವ ವ್ಯತ್ಯಾಸ ‘ಎರಡೂ ಚಾಲುಕ್ಯ ಶೈಲಿ’ ಎಂಬ ಒಂದು ವಾಕ್ಯದಲ್ಲಿ ಅಳಿಸಿಹೋಗುತ್ತದೆ.

ಇದಕ್ಕೆ ಬರಬಹುದಾದ ಮೊದಲ ಆಕ್ಷೇಪ ಶಾಸ್ತ್ರಜ್ಞರದು. ಪತ್ರಶಾಖೆ, ವಲ್ಲಿಶಾಖೆ, ರತ್ನಶಾಖೆ, ಸ್ತಂಭಶಾಖೆ ಎಂದು ಸಂಸ್ಕೃತದಲ್ಲಿ ಆಗಲೇ ಹೆಸರುಗಳಿವೆ, ಮಧುಸೂದನ ಢಾಕಿಯವರಂಥ ವಿದ್ವಾಂಸರು ಅವನ್ನು ಜೀವನವಿಡೀ ಒರೆಗೆ ಹಚ್ಚಿ ಬಳಸಿದ್ದಾರೆ, ಹೊಸದು ಯಾಕೆ ಎಂದು ಅವರು ಕೇಳಬಹುದು. ಢಾಕಿಯವರ ಬಗ್ಗೆ ನನಗೆ ಅಪಾರ ಗೌರವವಿದೆ. ಕರ್ನಾಟಕದ ಈ ಕಾಲದ ಗುಡಿಗಳ ಮೇಲೆ 1996ರಲ್ಲಿ ಬಂದ ಅವರ ವಿಶ್ವಕೋಶ ಸಂಪುಟವನ್ನು ಬಿಟ್ಟು ಯಾರೂ ಮುಂದೆ ಹೋಗಲಾರರು. ಆದರೆ ಶಾಖೆಯ ಹೆಸರು ಬಾಗಿಲುವಾಡದಲ್ಲಿ ಯಾವ ಪಟ್ಟಿ ಯಾವುದು ಎಂದು ಹೇಳುತ್ತದೆ, ತ್ರಿಶಾಖ, ಪಂಚಶಾಖ, ಸಪ್ತಶಾಖ ಎಂದು ಪಟ್ಟಿಗಳ ಎಣಿಕೆಯನ್ನು ಹೇಳುತ್ತದೆ. ವಲ್ಲಿಶಾಖೆಯೊಳಗಿನ ವಲ್ಲಿ ಅಲೆಯೋ ಜೋಡಿಯೋ ಹೆಣಿಕೆಯೋ ಎಂಬುದು ಅದರ ವ್ಯಾಪ್ತಿಯಲ್ಲಿಲ್ಲ. ಮನೆಯ ಸಂಖ್ಯೆ ಗೊತ್ತಿದ್ದರೆ ಮನೆಯೊಳಗಿನವರು ಗೊತ್ತಾದಂತಾಗುವುದಿಲ್ಲ. ಶಾಸ್ತ್ರದ ಹೆಸರು ಜಾಗಕ್ಕೆ ಇರಲಿ, ಹೊಲದ ಹೆಸರು ರೂಪಕ್ಕೆ ಇರಲಿ. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಆಳವಾದದ್ದು. ನಮ್ಮ ಗುಡಿಯ ಬಳ್ಳಿ ಬರೀ ಅಲಂಕಾರವಲ್ಲ, ಅದಕ್ಕೆ ಅರ್ಥವಿದೆ, ಕಾಂಡ-ಕವಲು ಎಂದು ಕತ್ತರಿಸಿದರೆ ಆ ಅರ್ಥ ಸಾಯುತ್ತದೆ ಎಂಬುದು ಅದು. ಆನಂದ ಕುಮಾರಸ್ವಾಮಿ ಯಕ್ಷರ ಮೇಲೆ 1928 ಮತ್ತು 1931ರಲ್ಲಿ ಪ್ರಕಟಿಸಿದ ಎರಡು ಭಾಗಗಳಲ್ಲಿ ಭಾರತೀಯ ಬಳ್ಳಿ ಯಕ್ಷನ ಬಾಯಿಂದಲೋ ಹೊಕ್ಕುಳಿಂದಲೋ, ಮಕರದ ಬಾಯಿಂದಲೋ, ಪೂರ್ಣಕುಂಭದಿಂದಲೋ ಹೊರಡುವುದನ್ನು ತೋರಿಸಿ, ಅದು ನೀರು ಮತ್ತು ಜೀವದ ಹರಿವನ್ನು ಸೂಚಿಸುತ್ತದೆ ಎಂದರು. ಡಚ್ ವಿದ್ವಾಂಸ ಬಾಷ್ ಅದನ್ನು ತಾವರೆಯ ಗೆಡ್ಡೆಯವರೆಗೆ ಹಿಂಬಾಲಿಸಿದರು. ಈ ಮಾತುಗಳನ್ನು ನಾನು ಒಪ್ಪುತ್ತೇನೆ, ಒಪ್ಪುವುದರಿಂದಲೇ ರೂಪದ ಹೆಸರು ಬೇಕು ಎನ್ನುತ್ತೇನೆ. ಕುಮಾರಸ್ವಾಮಿಯವರಿಗೆ ಆ ಅರ್ಥ ಹೊಳೆದದ್ದು ಬಳ್ಳಿ ಎಲ್ಲಿಂದ ಹೊರಡುತ್ತದೆ ಎಂಬ ಒಂದು ಲಕ್ಷಣವನ್ನು ನೂರಾರು ಕಲ್ಲುಗಳಲ್ಲಿ ತಾಳ್ಮೆಯಿಂದ ನೋಡಿ ಹೋಲಿಸಿದ್ದರಿಂದ. ಮಕರದ ಬಾಯಿಂದ ಹೊರಟ ಹಂಬು, ಕುಂಭದಿಂದ ಹೊರಟ ಹಂಬು ಎಂದು ಬೇರೆಬೇರೆ ಬರೆದಿಟ್ಟರೆ ತಾನೆ ಅವು ಎರಡು ಎಂದು ಗೊತ್ತಾಗುವುದು? ಆಸ್ಟ್ರಿಯಾದ ಅಲೋಯಿಸ್ ರೀಗಲ್ 1893ರಲ್ಲಿ ಮಾಡಿದ್ದೂ ಇಂಥದೇ ಕೆಲಸ. ಗ್ರೀಕರ ಅಕ್ಯಾಂಥಸ್ ಅಲಂಕಾರ ಗಿಡವೊಂದನ್ನು ನೋಡಿ ಬರೆದದ್ದೆಂದು ಎಲ್ಲರೂ ನಂಬಿದ್ದಾಗ, ಅದು ಹಿಂದಿನ ತಾಳೆಗರಿ ಅಲಂಕಾರವೇ ಹಂತಹಂತವಾಗಿ ಬದಲಾಗಿ ಬಂದದ್ದು ಎಂದು ಅವರು ವಾದಿಸಿದರು. ಎಲೆ ಕಾಂಡಕ್ಕೆ ಹೇಗೆ ಕೂಡಿದೆ ಎಂಬ ಸಣ್ಣ ವಿಷಯವೇ ಅವರಿಗೆ ದೊಡ್ಡ ಸಾಕ್ಷಿಯಾಯಿತು.

ಮೂರನೆಯದಾಗಿ, ಕಲಾವಿದನ ಕೈ ಹೆಸರಿನ ಪೆಟ್ಟಿಗೆಯೊಳಗೆ ಕೂರುವುದಿಲ್ಲ ಎನ್ನುವವರಿದ್ದಾರೆ. ಅಲೆಯಾಗಿ ಹೊರಟ ಹಂಬು ಮೇಲೆ ಹೋಗಿ ಜೋಡಿಸುಳಿಯಾಗಬಹುದು, ಎಲೆಸುಳಿಯ ಸಾಲಿನಲ್ಲಿ ಒಂದೇ ಒಂದು ತುಂಬುಸುಳಿ ಇರಬಹುದು. ನಿಜವೇ. ಅದಕ್ಕೇ ಶೈಲಿಗೊಂದು ಹೆಸರು ಎಂಬ ಕ್ರಮ ಬೇಡ, ಲಕ್ಷಣಕ್ಕೊಂದು ಹೆಸರು ಇರಲಿ ಎನ್ನುತ್ತಿರುವುದು. ಲಕ್ಷಣಗಳನ್ನು ಬೇಕಾದ ಹಾಗೆ ಕೂಡಿಸಬಹುದು. ಅಪವಾದ ಬಂದರೆ ಅದನ್ನೂ ಅದೇ ಶಬ್ದಗಳಲ್ಲಿ ಬರೆಯಬಹುದು, ಆಗ ಆ ಅಪವಾದವೇ ಒಬ್ಬ ಶಿಲ್ಪಿಯ ಗುರುತು ಹಿಡಿಯುವ ಸುಳಿವಾದೀತು. ಇನ್ನು ರಾಜಮನೆತನದ ಹೆಸರುಗಳನ್ನು ಪೂರ್ತಿ ಕೈಬಿಡಬೇಕೆ ಎಂದರೆ, ಬೇಡ. ಶಾಸನದ ಆಧಾರವಿರುವಲ್ಲಿ ಅವು ಕಾಲವನ್ನು ಒಂದೇ ಪದದಲ್ಲಿ ಹೇಳುತ್ತವೆ. ಅಷ್ಟು ಉಪಯೋಗ ಅವುಗಳಿಗೆ ಸಲ್ಲಬೇಕು.

ಇಷ್ಟೆಲ್ಲ ಮಾಡಿ ಸಿಗುವುದೇನು ಎಂದು ಕೇಳುವವರಿಗೆ ಮೂರು ವ್ಯಾವಹಾರಿಕ ಉತ್ತರಗಳಿವೆ. ಲಕ್ಕುಂಡಿಯ ಬ್ರಹ್ಮ ಜಿನಾಲಯದ ಬಳಿ ಪುರಾತತ್ವ ಇಲಾಖೆಯ ಶಿಲ್ಪ ಸಂಗ್ರಹವಿದೆ. ಇಂಥ ಸಂಗ್ರಹಗಳಲ್ಲಿ ಬಿಡಿಯಾಗಿ ಸಿಕ್ಕ ಬಾಗಿಲುವಾಡದ ತುಂಡಿಗೆ ‘ದ್ವಾರಬಂಧ, 12ನೇ ಶತಮಾನ’ ಎಂದಷ್ಟೇ ಚೀಟಿ ಇದ್ದರೆ ಅದು ಯಾವ ಬಾಗಿಲಿನದೆಂದು ಹೇಳುವಂತಿಲ್ಲ. ಎಡ-ಬಲದ ಪಟ್ಟಿಗಳು ಸಾಮಾನ್ಯವಾಗಿ ಕನ್ನಡಿಯ ಬಿಂಬದಂತೆ ತಿರುಗಿರುತ್ತವೆ. ಹಾಗಾಗಿ ಮೊದಲ ಸುಳಿ ಯಾವ ಕಡೆಗೆ, ಎರಡು ಗೆಣ್ಣುಗಳ ನಡುವಿನ ಅಂತರ ಎಷ್ಟು, ಬಯಲಿನ ಆಳ ಎಷ್ಟು ಎಂದು ಬರೆದಿದ್ದರೆ ಬೇರೆಯಾದ ಜೋಡಿಯನ್ನು ಮತ್ತೆ ಕೂಡಿಸುವ ದಾರಿ ತೆರೆಯುತ್ತದೆ. ಎರಡನೆಯದು ದುರಸ್ತಿ. ಒಡೆದ ಪಟ್ಟಿಗೆ ಹೊಸ ಕಲ್ಲು ಕೂರಿಸುವಾಗ ಅಲೆಹಂಬಿನ ಜಾಗದಲ್ಲಿ ಜೋಡಿಸುಳಿ ಬಂದರೆ ದೂರದಿಂದ ಎರಡೂ ಕುಸುರಿಯಾಗಿಯೇ ಕಾಣುತ್ತವೆ, ಬೇಡಿಕೆಯ ಕಾಗದದಲ್ಲಿ ಹೆಸರಿದ್ದರೆ ಮಾತ್ರ ತಪ್ಪನ್ನು ಎತ್ತಿ ತೋರಿಸಬಹುದು. ಮೂರನೆಯದು ಕಳವು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ ಪುರಾತನ ಶಿಲ್ಪಗಳ ನೋಂದಣಿಯನ್ನು ಕೇಳುತ್ತದೆ. ಕದ್ದುಹೋದ ಕಲ್ಲು ಪರದೇಶದ ಹರಾಜಿನಲ್ಲಿ ಕಂಡಾಗ ಅದು ನಮ್ಮದೆಂದು ಸಾಧಿಸಲು ಚಿತ್ರದ ಜೊತೆಗೆ ಖಚಿತವಾದ ವಿವರಣೆಯೂ ಬೇಕು. ‘ಸುಂದರವಾದ ಬಳ್ಳಿ’ ಎಂಬ ವಿವರಣೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ನಿಮ್ಶ್ಕೆ ತಾನು ಕೆತ್ತಿದ ಲೋಹದ ಮೇಲಿಂದ ಕಾಗದಕ್ಕೆ ಪಡಿಯಚ್ಚು ತೆಗೆದು ಒಂದು ಪುಸ್ತಕದಲ್ಲಿ ಅಂಟಿಸಿಟ್ಟಿದ್ದ. ಅವನು ಸತ್ತು ಅರವತ್ತು ವರ್ಷಗಳಾದ ಮೇಲೆ, 1965ರಲ್ಲಿ, ಆರ್. ಎಲ್. ವಿಲ್ಸನ್ ಅದನ್ನು ಅಚ್ಚು ಹಾಕಿಸಿದರು. ಸಹಿಯಿಲ್ಲದ ಬಂದೂಕುಗಳನ್ನು ಆ ಪಡಿಯಚ್ಚುಗಳ ಪಕ್ಕಕ್ಕಿಟ್ಟು, ಸುರುಳಿಯ ಬೆನ್ನು ಮತ್ತು ಎಲೆಯ ತಿರುವು ನೋಡಿ, ಇದು ಅವನದೇ ಕೈ ಎಂದು ಹೇಳಲು ಆಗಿನಿಂದ ಸಾಧ್ಯವಾಯಿತು. ಗದಗ ಜಿಲ್ಲೆಯ ಬಾಗಿಲುವಾಡಗಳಿಗೂ ಇಂಥದೊಂದು ದಪ್ತರ ಆಗಬೇಕು. ಕಲ್ಲಿಗೆ ಮಸಿ ತಾಗಿಸದೆ ಓರೆ ಬೆಳಕಿನಲ್ಲಿ ತೆಗೆದ ಚಿತ್ರ, ಗೆರೆಯಲ್ಲಿ ಬಿಡಿಸಿದ ನಕ್ಷೆ, ಅದರ ಪಕ್ಕದಲ್ಲಿ ಹಂಬು, ಕವಲು, ಸುಳಿ, ಬಯಲುಗಳ ವಿವರ, ಕನ್ನಡದಲ್ಲಿ. ಕಾಶಿವಿಶ್ವೇಶ್ವರ ಮತ್ತು ಅದರ ಮುಂದಿನ ನನ್ನೇಶ್ವರದಿಂದ ಶುರು ಮಾಡಿ, ಗದಗದ ತ್ರಿಕೂಟೇಶ್ವರ ಮತ್ತು ಸರಸ್ವತಿ ಗುಡಿ, ಡಂಬಳದ ದೊಡ್ಡಬಸಪ್ಪ, ಲಕ್ಷ್ಮೇಶ್ವರದ ಸೋಮೇಶ್ವರ ಮತ್ತು ಶಂಖ ಬಸದಿಗಳನ್ನು ಮುಗಿಸಿದ ಮೇಲೆ ಬೇಲೂರಿಗೆ ಹೋಗಿ, ಗದುಗಿನ ಕಾಟೋಜನ ಮಗ ತನ್ನ ಹೆಸರು ಬರೆದ ಕೆಲಸದ ಪಕ್ಕದಲ್ಲಿ ಆ ನಕ್ಷೆಗಳನ್ನು ಇಟ್ಟು ನೋಡಬೇಕು.